ಮಗಳು ಕೂರುವಷ್ಟು ಜಾಗ

ನಮ್ಮವರಿಗೆ ಮಡಿಲಿಲ್ಲ ಎಂಬ ಸಂಗತಿ ಬೆಳಕಿಗೆ ಬಂದದ್ದು ಮಗಳ ನಿಶ್ಚಿತಾರ್ಥದ ದಿನ. ಹೊಟ್ಟೆ ಇದೆ ಎಂಬುದು ಮೊದಲೇ ಗೊತ್ತಿತ್ತು. ಅದು ಕೋಡಂಬಾಕ್ಕಂನ ಅರ್ಧ ಜನಕ್ಕೆ ಗೊತ್ತು. ನಮ್ಮ ಹೋಟೆಲಿನ ಗಲ್ಲಾದಲ್ಲಿ ಮೊದಲು ಕಾಣಿಸುವುದು ಆ ಹೊಟ್ಟೆ, ಆಮೇಲೆ ಅದರ ಹಿಂದಿನಿಂದ ‘ವಾಂಗೋ, ವಾಂಗೋ’ ಎಂದು ಗಿರಾಕಿಯನ್ನು ಒಳಗೆ ಕರೆಯುವ ಸ್ವರ ಬರುತ್ತದೆ.

ನಾವು ಉಡುಪಿ ಕಡೆಯವರು. ಈ ತಮಿಳು ಊರಿಗೆ ಬಂದು ಮೂವತ್ತು ವರ್ಷವಾದರೂ ಮನೆಯೊಳಗೆ ಊರಿನ ಮಾತು ಬಿಟ್ಟವರಲ್ಲ. ಮಗಳು ಪ್ರಣಮ್ಯಾ ಮಾತ್ರ ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲಿ ಉತ್ತರ ಕೊಡುವವಳು. ಅಂಥವಳು ಪೆರುಂಗುಡಿಯ ಕಂಪ್ಯೂಟರ್ ಆಫೀಸಿನಲ್ಲಿ ತನ್ನ ಜೊತೆ ಕೆಲಸ ಮಾಡುವ ತಮಿಳು ಹುಡುಗನನ್ನೇ ಮೆಚ್ಚಿದರೆ ಆಶ್ಚರ್ಯವೇನು? ಹುಡುಗನ ಹೆಸರು ಶ್ರೀನಾಥ್, ಮೈಲಾಪುರದ ಅಯ್ಯರ್ ಮನೆಯವನು. ನನಗಂತೂ ಮೊದಲ ದಿನವೇ ಒಪ್ಪಿಗೆಯಾದ. ಕೇಳಿ ಕೇಳಿ ಎರಡನೇ ಸಲ ಸಾರು ಹಾಕಿಸಿಕೊಂಡು ಉಂಡವನನ್ನು ಬೇಡ ಎನ್ನಲು ನನಗೇನು ತಲೆ ಕೆಟ್ಟಿದೆಯೇ?

ನಿಶ್ಚಿತಾರ್ಥದ ಊಟವಾದ ಮೇಲೆ ಹುಡುಗನ ತಾಯಿ ಕಲ್ಯಾಣಿ ಮಾಮಿ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಾ ತಮಿಳಿನಲ್ಲಿ ಹೇಳಿದರು: “ನಿಮ್ಮ ಕಡೆಯ ಶಾಸ್ತ್ರವೆಲ್ಲ ನಿಮ್ಮಿಷ್ಟದ ಹಾಗೇ ಆಗಲಿ. ನಮ್ಮದು ಒಂದೇ ಒಂದು. ತಾಳಿ ಕಟ್ಟುವಾಗ ಹೆಣ್ಣು ಅಪ್ಪನ ಮಡಿಲಲ್ಲಿ ಕೂತಿರಬೇಕು. ಅಪ್ಪನಿಗೆ ಆಗದಿದ್ದರೆ ಚಿಕ್ಕಪ್ಪನೋ ಸೋದರಮಾವನೋ ಆದರೂ ನಡೆಯುತ್ತದೆ.”

“ನಾನೇ ಇದ್ದೇನಲ್ಲ, ಧಾರಾಳ ಆಗಲಿ,” ಎಂದರು ಇವರು, ಎದೆ ಉಬ್ಬಿಸಿ. ಎದೆಯ ಜೊತೆ ಹೊಟ್ಟೆಯೂ ಉಬ್ಬಿತು.

ಬೀಗರು ಹೊರಟ ಮೇಲೆ ಪ್ರಣಮ್ಯಾಳಿಗೆ ತಮಾಷೆ. “ಅಪ್ಪಾ, ಒರು ಟ್ರಯಲ್ ಪಾಕ್ಕಲಾಮಾ?” ಎಂದಳು, ಒಂದು ಸಲ ಕೂತು ನೋಡೋಣವೇ ಎಂದು. ಇವರು ಮಣೆ ಹಾಕಿಸಿಕೊಂಡು, ಗೋಡೆ ಹಿಡಿದು ಮೆಲ್ಲಗೆ ಇಳಿದು, ಚಕ್ಕಳಮಕ್ಕಳ ಹಾಕಿ ಕೂತರು. ಹೊಟ್ಟೆ ಅವರಿಗಿಂತ ಮೊದಲೇ ಬಂದು ಮೊಣಕಾಲಿನ ತನಕ ಜಾಗ ಹಿಡಿದಿತ್ತು. ಮಗಳು ಕೂತಳು, ಹಲಸಿನ ಹಣ್ಣಿನ ಮೇಲೆ ಕೂತವರ ಹಾಗೆ ಒಂದು ಕ್ಷಣ ತೂಗಾಡಿದಳು, ಜಾರಿ ನೆಲಕ್ಕೆ ಬಿದ್ದಳು. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಇವರೂ ನಕ್ಕರು.

ಇವರ ಅಕ್ಕನ ಮಗ ಮಿಥುನ್ ಅಲ್ಲೇ ಇದ್ದ. ಇವರನ್ನು ಕೈ ಹಿಡಿದು ಎಬ್ಬಿಸುತ್ತಾ, “ಆಗದಿದ್ರೆ ಬಿಡಿ ಮಾವ. ಹೇಗೂ ಗಂಗಾಧರ ಮಾವ ಇದ್ದಾರಲ್ಲ,” ಎಂದ. ಗಂಗಾಧರ ಎಂದರೆ ನನ್ನ ತಮ್ಮ, ನುಗ್ಗೇಕಾಯಿಯಂಥ ಆಳು. ಇವರ ನಗು ಅಲ್ಲಿಗೇ ನಿಂತಿತು.

ಅಂದು ಸಂಜೆ ಇವರು ಕಾಪಿ ಮುಟ್ಟಲಿಲ್ಲ. ನಾನು ಲೋಟ ಹಿಡಿದು ಎದುರು ನಿಂತಾಗ ಹೇಳಿದರು: “ಮಗಳಿಗೆ ಕೂರ್ಲಿಕ್ಕೆ ಜಾಗ ಇಲ್ವಲ್ಲ ಮಾರಾಯ್ತಿ ನನ್ನಲ್ಲಿ. ನಿನ್ನ ತಮ್ಮನ ತೊಡೆಯಲ್ಲಿ ಕೂತು ನನ್ನ ಮಗಳು ತಾಳಿ ಕಟ್ಟಿಸಿಕೊಳ್ಬೇಕಾ? ನಾನು ಅಲ್ಲೇ ಪಕ್ಕದಲ್ಲಿ ನಿಂತು ನೋಡ್ಬೇಕಾ?”

ನನ್ನ ತಮ್ಮನ ಬಗ್ಗೆ ಹೀಗೆ ಹೇಳಿದ್ದಕ್ಕೆ ಬೇರೆ ದಿನವಾಗಿದ್ದರೆ ಸರಿಯಾಗಿ ಕೊಡುತ್ತಿದ್ದೆ. ಅಂದು ಲೋಟ ಕೆಳಗಿಟ್ಟು ಪಕ್ಕದಲ್ಲಿ ಕೂತೆ. ಅವರ ಕಣ್ಣಲ್ಲಿ ನೀರಿತ್ತು.

ಮರುದಿನವೇ ಮಿಥುನ್ ಪರಿಹಾರ ಹಿಡಿದುಕೊಂಡು ಬಂದ. ಅವನೂ ಕಂಪ್ಯೂಟರ್ ಕೆಲಸದವನು. ಹಿಂದಿನ ವರ್ಷ ಒಂದೇ ತಿಂಗಳಲ್ಲಿ ತೂಕ ಇಳಿಸಿ, ಮೊದಲು ಹೀಗಿದ್ದೆ ಈಗ ಹೀಗಿದ್ದೇನೆ ಎಂದು ಎರಡು ಫೋಟೋ ಜೋಡಿಸಿ ನೆಂಟರಿಗೆಲ್ಲ ಕಳಿಸಿದ್ದ.

“ಕಾರ್ಬ್ ಕಟ್ ಮಾಡಿ ಮಾವ. ಅನ್ನ, ಇಡ್ಲಿ, ದೋಸೆ, ಬಟಾಟೆ, ಸಕ್ಕರೆ, ಬೆಲ್ಲ, ಬಾಳೆಹಣ್ಣು, ಎಲ್ಲ ಝೀರೋ. ಉಳಿದದ್ದೂ ಮುಷ್ಟಿಯಷ್ಟೇ. ಒಂದೇ ತಿಂಗಳು, ನೋಡಿ ಬೇಕಾದ್ರೆ.”

“ಅದನ್ನೆಲ್ಲ ಬಿಟ್ಟರೆ ನಮ್ಮ ಹೋಟೆಲಲ್ಲಿ ಎಂತ ಉಳೀತದೆ ಮಾರಾಯ? ಉಪ್ಪು, ನೀರು, ಬಾಳೆಲೆ,” ಎಂದೆ ನಾನು.

“ನೀವು ಸುಮ್ನಿರಿ ಅತ್ತೆ, ಇದು ಸೈನ್ಸ್,” ಎಂದ.

ಸೈನ್ಸ್ ಎಂದ ಮೇಲೆ ಮುಗಿಯಿತು. ಮರುದಿನದಿಂದ ಇವರ ಊಟ ಎಂದರೆ ಎರಡು ತುಂಡು ಪನೀರು, ಸೌತೆಕಾಯಿ, ಬೆರಳೆಣಿಕೆಯ ಬಾದಾಮಿ. ಕಾಪಿಗೆ ಸಕ್ಕರೆಯ ಬದಲು ಬೆಣ್ಣೆ! ನಾನು ಹುಟ್ಟಿದಂದಿನಿಂದ ಬೆಣ್ಣೆ ಹಾಕಿದ ಕಾಪಿ ಕಂಡವಳಲ್ಲ, ಕೇಳಿದವಳೂ ಅಲ್ಲ. ಮೇಲೆ ತೇಲುವ ಆ ಜಿಡ್ಡನ್ನು ಇವರು ಕಣ್ಣು ಮುಚ್ಚಿ, ಕಷಾಯ ಕುಡಿದ ಹಾಗೆ ಕುಡಿಯುತ್ತಿದ್ದರು.

ಮೊದಲ ವಾರದಲ್ಲೇ ತೂಕ ಸರಸರ ಇಳಿಯಿತು. ಸುಳ್ಳು ಹೇಳಬಾರದು, ನಾನೇ ಬಾಯಿ ಬಿಟ್ಟು ನೋಡಿದೆ. ಇವರ ಖುಷಿಗೆ ಮಿತಿಯೇ ಇಲ್ಲ. ಗಲ್ಲಾದಲ್ಲಿ ಕೂತು ಬಂದವರಿಗೆಲ್ಲ ತೂಕದ ಕಥೆ ಹೇಳತೊಡಗಿದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಸರಿಯಿತ್ತು. ಒಬ್ಬರು ಎರಡನೇ ಪ್ಲೇಟ್ ಇಡ್ಲಿ ಹೇಳಿದ್ದಕ್ಕೆ, “ಬೇಡ ಸಾರ್, ಅಕ್ಕಿ ವಿಷ,” ಎಂದುಬಿಟ್ಟರು. ಉಡುಪಿ ಹೋಟೆಲಿನ ಯಜಮಾನ, ಇಡ್ಲಿ ತಿನ್ನಬೇಡಿ ಎಂದು ಗಿರಾಕಿಗೆ ಹೇಳುವುದು! ಒಳಗೆ ಚಟ್ನಿ ರುಬ್ಬಿಸುತ್ತಿದ್ದ ನನಗೆ ಕೇಳಿಸಿತು. ಹಣೆ ಚಚ್ಚಿಕೊಂಡೆ.

ಎರಡನೇ ವಾರದಲ್ಲಿ ಸಿಟ್ಟು ಶುರುವಾಯಿತು. ಮೂವತ್ತು ವರ್ಷ ನನಗೆ ಎದುರು ಮಾತಾಡದ ಮನುಷ್ಯ ಮುಟ್ಟಿದ್ದಕ್ಕೂ ತಟ್ಟಿದ್ದಕ್ಕೂ ರೇಗತೊಡಗಿದರು. ಬಾಯಿಯಿಂದ ಏನೋ ಒಂದು ವಾಸನೆ. ಹೊಟ್ಟೆ ಕಟ್ಟಿ ಬೆಳಿಗ್ಗೆ ಬಚ್ಚಲುಮನೆಯಿಂದ ಹೊರಗೆ ಬರುವುದೇ ಇಲ್ಲ. ಇಷ್ಟೆಲ್ಲದರ ಮೇಲೆ ಒಂದು ದೊಡ್ಡ ಎಡವಟ್ಟೂ ಮಾಡಿದರು.

ನಮ್ಮ ಹೋಟೆಲಿನಲ್ಲಿ ಒಂದು ಪದ್ಧತಿ ಉಂಟು. ಬೆಳಿಗ್ಗೆ ಹಬೆಯಿಂದ ಇಳಿದ ಮೊದಲ ಇಡ್ಲಿ, ಕಾವಲಿಯಿಂದ ಎದ್ದ ಮೊದಲ ದೋಸೆ, ಒಂದು ಬಟ್ಟಲು ಸಾಂಬಾರು ಯಜಮಾನನ ನಾಲಿಗೆ ದಾಟದೆ ಗಿರಾಕಿಯ ಎಲೆಗೆ ಹೋಗಬಾರದು. ಇವರ ಸೋದರಮಾವ ಹೋಟೆಲು ಬಿಟ್ಟುಕೊಡುವಾಗ ಹೇಳಿದ್ದು ಅದೊಂದೇ ಮಾತು. ಇವರು ಅದನ್ನು ಪೂಜೆಯ ಹಾಗೆ ನಡೆಸಿಕೊಂಡು ಬಂದವರು, ಆ ಹೊಟ್ಟೆಯೂ ಹಾಗೇ ಬಂದದ್ದು. ಈಗ ರುಚಿಯನ್ನೂ ನೋಡಬೇಕು, ಅಕ್ಕಿಯೂ ಒಳಗೆ ಹೋಗಬಾರದು. ಇವರು ಕಂಡುಕೊಂಡ ಉಪಾಯವೇನೆಂದರೆ, ಬಾಯಿಗೆ ಹಾಕಿ, ಅಗಿದು, ಕೈ ತೊಳೆಯುವ ಬೇಸಿನ್ನಿನಲ್ಲಿ ಉಗುಳುವುದು.

ದಿನಾ ಬೆಳಿಗ್ಗೆ ವಾಕಿಂಗ್ ಮುಗಿಸಿ ಬರುವ ನಾಗರತ್ನಮ್ಮ ಅದನ್ನು ಕಂಡರು. ಅವರ ಮನೆಯವರು ತಲೆಮಾರುಗಳಿಂದ ಈ ಊರಿನವರು. ಕನ್ನಡ ಅರ್ಧ, ತಮಿಳು ಅರ್ಧ, ಬಾಯಿ ಮಾತ್ರ ಪೂರ್ತಿ.

“ಎನ್ನ ಇದು, ಶ್ರೀನಿವಾಸಣ್ಣಾ! ನೀವೇ ಉಗುಳೋ ಸಾಂಬಾರ್ನ ನಮಗ್ ಬಡಿಸ್ತೀರಾ?” ಎಂದು ಇಡೀ ಹೋಟೆಲಿಗೆ ಕೇಳುವ ಹಾಗೆ ಕೂಗಿದರು. ಮುಂದಿದ್ದ ತಟ್ಟೆಯನ್ನು ಆಚೆ ದೂಡಿ ಎದ್ದೇ ಹೋದರು. ಅವರ ಜೊತೆ ಬಂದವರೂ ಎದ್ದರು. ಆ ವಾರ ಬೆಳಗಿನ ಹೊತ್ತು ಕಿಟಕಿ ಬದಿಯ ಮೇಜುಗಳು ಖಾಲಿ ಬಿದ್ದವು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. “ಅನ್ನ ಕೊಡುವ ದೇವರನ್ನು ಬೇಸಿನ್ನಿಗೆ ಉಗುಳ್ತೀರಲ್ಲ, ನಿಮಗೆ ಬುದ್ಧಿ ಉಂಟಾ?” ಎಂದು ಕೇಳಿದೆ.

“ಮದುವೆ ತನಕ ಅಲ್ವಾ ಜಲಜಾ, ಸ್ವಲ್ಪ ಸುಮ್ನಿರು,” ಎಂದರು. ಸ್ವರವೇ ಇರಲಿಲ್ಲ. ಅದನ್ನು ಕೇಳಿ ನನ್ನ ಸಿಟ್ಟೆಲ್ಲ ಹೆದರಿಕೆಯಾಯಿತು.

ತಿಂಗಳು ತುಂಬಿದ ಮೇಲೆ ಒಂದು ಭಾನುವಾರ ಮಧ್ಯಾಹ್ನ ಮಗಳನ್ನು ಕರೆದರು. ಮಣೆ ಹಾಕಿಸಿದರು. ನಾನು ಅವರನ್ನು ಹಗಲು ಬೆಳಕಲ್ಲಿ ಸರಿಯಾಗಿ ನೋಡಿದ್ದು ಅಂದೇ. ಕೆನ್ನೆ ಬತ್ತಿತ್ತು. ತೋಳು ಜೋಲುತ್ತಿತ್ತು. ಪಂಚೆಯೊಳಗೆ ತೊಡೆ ಎಲ್ಲಿದೆ ಎಂದು ಹುಡುಕಬೇಕಿತ್ತು. ಹೊಟ್ಟೆ ಮಾತ್ರ ಸ್ವಲ್ಪ ಸಡಿಲಾಗಿತ್ತೇ ಹೊರತು ಜಾಗ ಬಿಟ್ಟು ಕದಲಿರಲಿಲ್ಲ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಕಥೆ. ಹೋಗಬೇಕಾದದ್ದು ಉಳಿದು ಇರಬೇಕಾದದ್ದು ಹೋಗಿತ್ತು.

ಪ್ರಣಮ್ಯಾ ಮೆಲ್ಲಗೆ ಕೂತಳು. ಇವರ ಕಾಲು ಗಡಗಡ ನಡುಗಿತು. ಹಣೆಯಲ್ಲಿ ಬೆವರು ಒಡೆಯಿತು. “ಅಪ್ಪಾ? ಅಪ್ಪಾ!” ಎಂದು ಅವಳು ಎದ್ದು ತಿರುಗುವಷ್ಟರಲ್ಲಿ ಇವರು ಪಕ್ಕಕ್ಕೆ ವಾಲಿ ಗೋಡೆಗೆ ಒರಗಿದರು. ಕಣ್ಣು ಮೇಲೆ ಸಿಕ್ಕಿಕೊಂಡಿತ್ತು. ನಾನು ಕಿರುಚಿದ್ದು ಕೆಳಗಿನ ಹೋಟೆಲಿಗೆ ಕೇಳಿಸಿತಂತೆ.

ನಮ್ಮ ಬೀದಿಯ ಕೊನೆಯಲ್ಲೇ ಡಾಕ್ಟರ್ ನಂದಿತಾ ಇದ್ದಾರೆ, ಮಂಡ್ಯದ ಹುಡುಗಿ. ಓಡಿ ಬಂದರು. ಉಪ್ಪು ಸಕ್ಕರೆ ನೀರು ಕುಡಿಸಿ, ರಕ್ತದೊತ್ತಡ ನೋಡಿ, ರಕ್ತ ತೆಗೆದು ಪರೀಕ್ಷೆಗೆ ಕಳಿಸಿದರು. ಆಮೇಲೆ ಮಂಚದ ಅಂಚಿನಲ್ಲಿ ಕೂತು ವಿಚಾರಿಸಿದರು.

“ಬೆಳಿಗ್ಗೆಯಿಂದ ಏನ್ ತಿಂದ್ರಿ ಸರ್?”

“ಬಾದಾಮಿ.”

“ಆಮೇಲೆ?”

“ಬೆಣ್ಣೆ ಕಾಪಿ.”

“ಅಯ್ಯೋ ಸಿವನೇ,” ಎಂದರು ಡಾಕ್ಟರು, ಓದಿದ್ದನ್ನೆಲ್ಲ ಮರೆತು. “ತೂಕ ಇಳೀತು, ಇಲ್ಲ ಅನ್ನಲ್ಲ. ಮೊದಲ ವಾರ ಹೋಗಿದ್ದು ಬಹುಪಾಲು ನೀರು ಸರ್. ಆಮೇಲೆ ಹೋಗಿದ್ರಲ್ಲಿ ಕೊಬ್ಬೂ ಇದೆ, ತೊಡೆ ಮಾಂಸಾನೂ ಇದೆ. ಹೊಟ್ಟೆಗೆ ಹಾಕದೇ ಇದ್ರೆ ದೇಹ ತನ್ನನ್ನೇ ತಾನು ತಿನ್ನುತ್ತೆ. ಅನ್ನ ಕಮ್ಮಿ ಮಾಡೋದು ತಪ್ಪಲ್ಲ, ನಿಮ್ಮಂಥೋರಿಗೆ ಅದು ಒಳ್ಳೇದೇ. ಆದ್ರೆ ಹಿಂಗೆ ಊಟನೇ ಬಿಟ್ಟು ಅರ್ಜೆಂಟಲ್ಲಿ ಕರಗಿಸ್ತೀನಿ ಅಂದ್ರೆ, ತಿನ್ನೋಕೆ ಶುರು ಮಾಡಿದ ಕೂಡ್ಲೇ ಹೋಗಿದ್ದೆಲ್ಲ ವಾಪಸ್ ಬರುತ್ತೆ.”

ಸುದ್ದಿ ಕೇಳಿ ಬಂದಿದ್ದ ಮಿಥುನ್ ಬಾಗಿಲಲ್ಲಿ ನಿಂತಿದ್ದ. ಆ ಮಾತಿಗೆ ತನ್ನ ದೊಗಳೆ ಅಂಗಿಯನ್ನು ಕೆಳಗೆ ಎಳೆದುಕೊಂಡ. ನಾನು ಅವನ ಹೊಟ್ಟೆ ನೋಡಿದೆ. ಎರಡನೇ ಫೋಟೋ ಮಾಯವಾಗಿ ಮೊದಲನೇ ಫೋಟೋ ಬಂದು ನಿಂತಿತ್ತು. ಪಾಪ, ಹುಡುಗ ಮಾವನಿಗೆ ಒಳ್ಳೆಯದಾಗಲಿ ಎಂದೇ ಹೇಳಿದ್ದು. ಆದರೂ ಒಂದು ಸಲ ಚೆನ್ನಾಗಿ ದುರುಗುಟ್ಟಿ ನೋಡಿದೆ.

ಇವರಿಗೆ ಬೇಕಾಗಿದ್ದದ್ದು ಒಂದೇ. “ಮಗಳನ್ನು ಕೂರಿಸಿಕೊಳ್ಳಲಿಕ್ಕೆ ಆಗ್ತದಾ ಡಾಕ್ಟ್ರೇ?”

“ಮದುವೆ ಯಾವಾಗ?”

“ಸಂಕ್ರಾಂತಿ ಕಳೆದ ಮೇಲೆ.”

“ಹಂಗಾದ್ರೆ ಟೈಮಿದೆ. ಹೊಟ್ಟೆ ಪೂರ್ತಿ ಹೋಗುತ್ತೆ ಅಂತ ನಾನು ಆಣೆ ಮಾಡಲ್ಲ. ಮೊದಲು ಆ ಕಾಲಿಗೆ ಶಕ್ತಿ ಬರ್ಲಿ.” ಆಮೇಲೆ ನನ್ನ ಕಡೆ ತಿರುಗಿ, “ಊಟ ಬಲ್ಲವನಿಗೆ ರೋಗವಿಲ್ಲ ಅಂತಾರಲ್ಲ ಅಮ್ಮಾ,” ಎಂದರು.

“ಮಾತು ಬಲ್ಲವನಿಗೆ ಜಗಳವೂ ಇಲ್ಲ. ಇವರಿಗೆ ಎರಡೂ ಗೊತ್ತಿಲ್ಲ,” ಎಂದೆ. ಮಂಚದ ಮೇಲಿಂದ ಇವರು ನಕ್ಕರು. ಎಷ್ಟೋ ದಿನದ ಮೇಲೆ ನಕ್ಕದ್ದು. ನನ್ನ ಜೀವ ತಣ್ಣಗಾಯಿತು.

ಅಲ್ಲಿಂದ ನಮ್ಮ ಮನೆಯಲ್ಲಿ ಹೊಸ ಕಾಲ ಶುರುವಾಯಿತು. ಬೆಳಿಗ್ಗೆ ಎರಡೇ ಇಡ್ಲಿ. ರುಚಿ ನೋಡಲು ಬಟ್ಟಲಿನ ಬದಲು ಚಮಚ. ಮಧ್ಯಾಹ್ನ ಎಲೆಯ ತುಂಬ ಪಲ್ಯ, ಬೇಯಿಸಿದ ಕಡಲೆ ಅಥವಾ ಹೆಸರುಕಾಳು, ಮಜ್ಜಿಗೆ, ಅನ್ನ ಒಂದು ಸೌಟು. ಬೆಳಗಿನ ತಿಂಡಿಯ ಗಲಾಟೆ ಮುಗಿದ ಮೇಲೆ ನಡೆಯಲು ಹೋಗಬೇಕು, ಜೊತೆಗೆ ನಾನು. ಹಿಂದೆ ಸಿನಿಮಾ ಸ್ಟುಡಿಯೋ ಇದ್ದ ಜಾಗದಲ್ಲಿ ಈಗ ದೊಡ್ಡ ಫ್ಲ್ಯಾಟುಗಳು ಎದ್ದಿವೆ, ಅದರ ಗೋಡೆಯ ತನಕ ಹೋಗಿ ಬರುವುದು. ಮದುವೆಯಾದ ಮೇಲೆ ನಾವಿಬ್ಬರು ಏನೂ ಕೆಲಸವಿಲ್ಲದೆ ಒಟ್ಟಿಗೆ ನಡೆದದ್ದು ಅದೇ ಮೊದಲು. ಹೋಟೆಲಿನವರ ಹೆಂಡತಿಗೆ ಗಂಡ ಸಿಗುವುದು ಹೋಟೆಲಿಗೆ ರಜೆ ಇದ್ದಾಗ ಮಾತ್ರ. ರಸ್ತೆ ಬದಿಯ ಹೂವಿನವಳು ಇವರನ್ನು ಕಂಡು “ಅಣ್ಣಾ, ಅಣ್ಣಿಗೆ ಹೂ?” ಎಂದು ನನ್ನತ್ತ ಕೈ ತೋರಿಸಿ ಕೇಳಿದರೆ ಇವರು ದಿನಾ ಕೊಡಿಸುತ್ತಿದ್ದರು. ನನಗೆ ಖುಷಿಯಾಗುತ್ತಿತ್ತು, ಯಾಕೆ ಮುಚ್ಚಿಡಬೇಕು?

ಮನೆಗೆ ಬಂದರೆ ಕುರ್ಚಿಯ ವ್ಯಾಯಾಮ. ಕೈ ಊರದೆ ಕೂರುವುದು, ಕೈ ಊರದೆ ಏಳುವುದು. “ಇದೂ ಒಂದು ವ್ಯಾಯಾಮವಾ ಮಾರಾಯ್ತಿ?” ಎಂದು ಮೊದಲ ದಿನ ಹೀಯಾಳಿಸಿದವರು ನಾಲ್ಕು ಸಲ ಎದ್ದು ಕೂರುವಷ್ಟರಲ್ಲಿ ಏದುಸಿರು ಬಿಟ್ಟರು. ಆಮೇಲೆ ಅದೇ ಹಟವಾಯಿತು. ನಡುವೆ ಒಂದು ದಿನ ಗೋಳಿಬಜೆಯ ತಟ್ಟೆಯೊಂದಿಗೆ ಉಗ್ರಾಣದಲ್ಲಿ ಸಿಕ್ಕಿಬಿದ್ದದ್ದೂ ಉಂಟು. “ಎಣ್ಣೆ ಸರಿ ಕಾದಿದೆಯಾ ಅಂತ ನೋಡಿದ್ದು,” ಎಂದರು. ಬಾಯಿ ತುಂಬ ಬಜೆ ಇತ್ತು.

ನಾಗರತ್ನಮ್ಮ ಮತ್ತೆ ಬರತೊಡಗಿದರು. ಇವರು ಮೊದಲ ಇಡ್ಲಿ ಬಾಯಿಗಿಟ್ಟರೆ ಆಕೆ ಇವರ ಗಂಟಲನ್ನೇ ನೋಡುತ್ತಾ ಕೂರುವುದು. ಅದು ಕೆಳಗೆ ಇಳಿದ ಮೇಲೇ “ಹಾಂ, ಇಪ್ಪೊ ಕೊಡಿ ನಂಗೂ ಎರಡು,” ಎನ್ನುವುದು.

ತೂಕ ಇಳಿಯಿತು, ಆದರೆ ಬಸ್ಸಿಗೆ ಕಾದವರ ತಾಳ್ಮೆ ಬೇಕು. ಒಂದು ವಾರ ಸ್ವಲ್ಪ ಹೋದರೆ ಮುಂದಿನ ವಾರ ಏನೂ ಇಲ್ಲ. ಡಿಸೆಂಬರ್ ಬರುವಾಗ ಅಂಗಿಯ ಗುಂಡಿ ಹಾಕಿದರೂ ಉಸಿರಾಡಲು ಬರುತ್ತಿತ್ತು. ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುವುದು ನಿಂತಿತು. ಮುಖ ತುಂಬಿ ಕಳೆ ಬಂತು.

ಹೊಟ್ಟೆ ಸಣ್ಣದಾಗಿತ್ತು ನಿಜ, ಇಲ್ಲವಾಗಿರಲಿಲ್ಲ. ಮಣೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರೆ ಈಗಲೂ ಮುಂದೆ ಉಳಿಯುವುದು ಒಂದು ಗೇಣು ಜಾಗ. ಒಂದು ಸಂಜೆ ಕೂತು ನೋಡಿ, ಸುಮ್ಮನೆ ಎದ್ದು ಮಣೆಯನ್ನು ಗೋಡೆಗೆ ಒರಗಿಸಿಟ್ಟರು.

“ಗಂಗಾಧರನಿಗೆ ಫೋನ್ ಮಾಡಿ ಹೇಳು,” ಎಂದರು. “ಸಣ್ಣವಳಿರುವಾಗ ಅವಳು ನಿದ್ದೆ ಮಾಡ್ತಿದ್ದದ್ದೇ ಈ ಹೊಟ್ಟೆ ಮೇಲೆ. ಕೆಳಗೆ ಮಲಗಿಸಿದ್ರೆ ಅಳುವುದು. ಈಗ ಅದೇ ಅಡ್ಡ ಬಂತು ನೋಡು. ಇರ್ಲಿ ಬಿಡು. ಹುಡುಗಿ ಸುಖವಾಗಿರ್ಲಿ.”

ನನಗೆ ತಡೆಯಲಾಗಲಿಲ್ಲ. ತಮ್ಮನಿಗೆ ಫೋನ್ ಮಾಡಲಿಲ್ಲ. ಮರುದಿನ ಒಂದು ಡಬ್ಬಿ ಮೈಸೂರುಪಾಕು ಹಿಡಿದು ನೇರ ಮೈಲಾಪುರಕ್ಕೆ, ಬೀಗಿತ್ತಿಯ ಮನೆಗೆ ಹೋದೆ. ಮರ್ಯಾದೆ ಹೋದರೆ ಹೋಗಲಿ ಎಂದು ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. ಇವರಿಗೆ ಮಣೆಯಲ್ಲಿ ಕೂತರೆ ಮಡಿಲು ಸಿಗುವುದಿಲ್ಲ, ಬೇರೆ ಏನಾದರೂ ದಾರಿ ಇದೆಯೇ ಎಂದು ಕೇಳಿದೆ.

ಕಲ್ಯಾಣಿ ಮಾಮಿ ನನ್ನ ಮುಖವನ್ನೇ ನೋಡಿದರು. “ಮಣೆಯೇ? ಯಾರು ಹೇಳಿದ್ದು ಮಣೆ ಅಂತ? ನಮ್ಮ ಮನೆಯಲ್ಲಿ ಹೆಣ್ಣಿನ ಅಪ್ಪ ಕೂರುವುದು ಭತ್ತದ ಮೂಟೆಯ ಮೇಲೆ. ಕಾಲು ಇಳಿಬಿಟ್ಟು, ಹಾಯಾಗಿ. ಅವರ ಮಡಿಲಲ್ಲಿ ಮಗಳು.”

ನಾನು ಬಾಯಿ ಮುಚ್ಚಲು ಮರೆತೆ. ಯಾರೂ ಹೇಳಿರಲಿಲ್ಲ. ನಮ್ಮ ಕಡೆ ಶಾಸ್ತ್ರ ಎಂದರೆ ಮಣೆ. ಹುಟ್ಟಿದರೆ ಮಣೆ, ಉಪನಯನಕ್ಕೆ ಮಣೆ, ಮದುವೆಗೆ ಮಣೆ. ಇನ್ನೊಬ್ಬರು ಬೇರೆ ಹಾಗೆ ಕೂರಬಹುದು ಎಂದು ಇಷ್ಟು ತಿಂಗಳಲ್ಲಿ ನಮ್ಮಿಬ್ಬರ ತಲೆಗೂ ಹೋಗಲಿಲ್ಲ. ಹೋಗಿದ್ದರೂ ಕೇಳುತ್ತಿದ್ದೆವೇ? ನಮ್ಮವರಿಗೆ ಮಡಿಲಿಲ್ಲ ಎಂದು ಬೀಗರ ಮುಂದೆ ಯಾವ ಬಾಯಲ್ಲಿ ಹೇಳುವುದು? ಮಾಮಿ ನಗಲು ಶುರು ಮಾಡಿದರು, ನಾನೂ ನಕ್ಕೆ. ನಕ್ಕು ನಕ್ಕು ನನಗೆ ಅಳುವೇ ಬಂತು. ಅವರು ನನ್ನ ಕೈ ಹಿಡಿದುಕೊಂಡು, “ಕವಲೈಪಡಾದೀಂಗೋ,” ಎಂದರು. ಚಿಂತೆ ಮಾಡಬೇಡಿ ಎಂದು.

ಮನೆಗೆ ಬಂದು ಹೇಳಿದಾಗ ಇವರು ಮೊದಲು ನಂಬಲಿಲ್ಲ. ಆಮೇಲೆ ಹೊಟ್ಟೆ ಕುಲುಕುವ ಹಾಗೆ ನಕ್ಕರು. “ಅಕ್ಕಿ ವಿಷ ಅಂದವನನ್ನು ಭತ್ತದ ಮೂಟೆ ಮೇಲೇ ಕೂರಿಸ್ತಾರಾ!” ಕೂಡಲೇ ಕೆಳಗೆ ಉಗ್ರಾಣಕ್ಕೆ ಇಳಿದು ಅಕ್ಕಿ ಮೂಟೆಯೊಂದರ ಮೇಲೆ ಕೂತು ನೋಡಿದರು. ಕಾಲು ಇಳಿಬಿಟ್ಟಾಗ ತೊಡೆ ಎದುರಿಗೆ ಬಂತು. ಅದರ ಮೇಲೆ ಎರಡೂ ಕೈ ತಟ್ಟಿ, “ಜಾಗ ಉಂಟು ಮಾರಾಯ್ತಿ!” ಎಂದು ಕೂಗಿದರು. ಮಗಳನ್ನು ಕರೆದು ನೋಡೋಣವೇ ಎಂದರೆ ಬೇಡ ಎಂದರು. ಹಿಂದಿನ ಎರಡು ಸಲದ ನೆನಪಿತ್ತಲ್ಲ, ಮತ್ತೆ ಪರೀಕ್ಷೆಗೆ ಧೈರ್ಯವಿರಲಿಲ್ಲ. ಕುರ್ಚಿಯ ವ್ಯಾಯಾಮವನ್ನು ಮಾತ್ರ ಇಮ್ಮಡಿ ಮಾಡಿದರು.

ಮದುವೆಯ ದಿನ ಮಂಟಪದಲ್ಲಿ ಭತ್ತದ ಮೂಟೆ ಇಟ್ಟು, ಮೇಲೆ ಬಿಳಿ ವಸ್ತ್ರ ಹಾಸಿದ್ದರು. ಇವರು ಹೋಗಿ ಕೂತರು. ಎದುರಿಗೆ ಶ್ರೀನಾಥ್. ಗಂಗಾಧರನನ್ನು ನಾನೇ ಮೂಟೆಯ ಹಿಂದೆ ನಿಲ್ಲಿಸಿದ್ದೆ, ಎಲ್ಲಾದರೂ ವಾಲಿದರೆ ಹಿಡಿಯಲಿ ಎಂದು. ಪ್ರಣಮ್ಯಾ ಒಂಬತ್ತು ಗಜದ ಸೀರೆ, ಒಡವೆ, ಎರಡು ದೊಡ್ಡ ಹಾರದೊಂದಿಗೆ ಬಂದು ಅಪ್ಪನ ಮಡಿಲಲ್ಲಿ ಕೂತಳು. ಇವರು ಅಲುಗಲಿಲ್ಲ. ನಾನು ಕೃಷ್ಣಾ ಎಂದು ಉಸಿರು ಬಿಟ್ಟೆ.

ಆಗಲೇ ಅವಳ ಕಾಲು ನನ್ನ ಕಣ್ಣಿಗೆ ಬಿತ್ತು. ಸೀರೆಯ ಅಂಚಿನ ಕೆಳಗೆ ಎರಡೂ ಪಾದದ ಬೆರಳುಗಳು ನೆಲವನ್ನು ಒತ್ತಿ ಹಿಡಿದು ಬೆಳ್ಳಗಾಗಿದ್ದವು. ಹುಡುಗಿ ಕೂತಿರಲೇ ಇಲ್ಲ. ಕೂತ ಹಾಗೆ ಮಾಡಿ, ಅಷ್ಟೂ ಭಾರವನ್ನು ತನ್ನ ಕಾಲಿನ ಮೇಲೇ ಹೊತ್ತುಕೊಂಡಿದ್ದಳು, ಅಪ್ಪನಿಗೆ ನೋವಾಗಬಾರದು ಎಂದು.

ಇವರಿಗೂ ಗೊತ್ತಾಯಿತು. ಬಗ್ಗಿ ಅವಳ ಕಿವಿಯ ಹತ್ತಿರ, “ಸರಿಯಾಗಿ ಕೂತುಕೋ ಮಗಾ,” ಎಂದರು.

“ಬೇಡಪ್ಪಾ. ನಿಮಗೆ ಕಾಲು ನೋಯ್ತದೆ,” ಎಂದಳು. ಕನ್ನಡದಲ್ಲಿ ಹೇಳಿದಳು ನನ್ನ ಮಗಳು.

“ನೋಯ್ಲಿಕ್ಕಿಲ್ಲ. ಭಾರ ಬಿಡು. ನಾನು ಹಿಡಿತೇನೆ.”

ಅವಳ ಬೆರಳುಗಳು ಸಡಿಲಾದವು. ಆಮೇಲೆ ಪಾದಗಳು ನೆಲ ಬಿಟ್ಟು ಮೇಲೆದ್ದವು. ಅವಳು ಪೂರ್ತಿಯಾಗಿ ಹಿಂದಕ್ಕೆ ಒರಗಿ ಅಪ್ಪನ ಹೊಟ್ಟೆಗೆ ಬೆನ್ನು ಕೊಟ್ಟಳು. ಇವರ ಪಾದ ಎರಡೂ ನೆಲದಲ್ಲಿ ಗಟ್ಟಿಯಾಗಿ ಊರಿದ್ದವು. ಗಟ್ಟಿಮೇಳ ಮೊಳಗಿತು, ಶ್ರೀನಾಥ್ ತಾಳಿ ಕಟ್ಟಿದ, ಹಿಂದಿನಿಂದ ಗಂಗಾಧರ ನನಗಿಂತ ಮೊದಲು ಕಣ್ಣೊರೆಸಿಕೊಂಡ.

“ಆಯ್ತು, ಇನ್ನು ಏಳಬಹುದು,” ಎಂದರು ಪುರೋಹಿತರು. ಇಬ್ಬರೂ ಏಳಲಿಲ್ಲ.